ಕಂಪನಿಯೂ ಕಾಲೇಜೂ ಸೇರಿ ಸಿಎಸ್‌ಆರ್ ಕೆಲಸ ಮಾಡುವುದು ಹೇಗೆ?

ಗಿಡ ನೆಡುವ ಕಾರ್ಯಕ್ರಮವನ್ನು ನೀವೂ ನೋಡಿರುತ್ತೀರಿ. ಬೆಳಿಗ್ಗೆ ಬಸ್ಸಿನಲ್ಲಿ ಜನ ಬರುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಗುಂಡಿ ಮೊದಲೇ ತೋಡಿಟ್ಟಿರುತ್ತಾರೆ. ಗಿಡ ಇಟ್ಟು, ಮಣ್ಣು ಮುಚ್ಚಿ, ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೊರಡುತ್ತಾರೆ. ಬಂದವರ ಮನಸ್ಸು ಒಳ್ಳೆಯದೇ. ಆದರೆ ನಾಳೆಯಿಂದ ಆ ಗಿಡಕ್ಕೆ ನೀರು ಹಾಕುವವರು ಯಾರು ಅನ್ನೋದು ಯಾವ ಹಾಳೆಯಲ್ಲೂ ಬರೆದಿರುವುದಿಲ್ಲ.

ಸಿಎಸ್‌ಆರ್, ಅಂದರೆ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ, ಸೋಲುವುದು ಹೆಚ್ಚಾಗಿ ಇಲ್ಲೇ. ದುಡ್ಡು ಸಾಲದೆ ನಿಂತ ಕೆಲಸಗಳಿಗಿಂತ, ಮುಂದುವರಿಸುವವರಿಲ್ಲದೆ ನಿಂತ ಕೆಲಸಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಕಂಪನಿಯ ಹತ್ತಿರ ಹಣ ಇದೆ, ಕೆಲಸವನ್ನು ದಡ ಮುಟ್ಟಿಸುವ ಅಭ್ಯಾಸ ಇದೆ. ಕಾಲೇಜಿನ ಹತ್ತಿರ ವಿಷಯ ಬಲ್ಲ ಮೇಷ್ಟ್ರುಗಳಿದ್ದಾರೆ, ಪ್ರಯೋಗಾಲಯ ಇದೆ, ಪ್ರತಿ ವರ್ಷವೂ ಹೊಸದಾಗಿ ಬರುವ ವಿದ್ಯಾರ್ಥಿಗಳಿದ್ದಾರೆ. ಇವೆರಡನ್ನೂ ಸರಿಯಾಗಿ ಜೋಡಿಸಿದರೆ ಗಿಡಕ್ಕೆ ನೀರು ಹಾಕುವವರು ಸಿಗುತ್ತಾರೆ.

ಮೊದಲು ಗೇಟಿನ ಒಳಗೆ ನೋಡಿ

ಬಹಳ ಜನ ಸಿಎಸ್‌ಆರ್ ಅಂದರೆ ದಾನ ಅಂದುಕೊಂಡಿದ್ದಾರೆ. 2011ರಲ್ಲಿ ಯುರೋಪಿಯನ್ ಕಮಿಷನ್, ಅಂದರೆ ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿ, ಇದನ್ನು ತುಂಬ ಸರಳವಾಗಿ ಹೇಳಿತು: ಒಂದು ಉದ್ಯಮದಿಂದ ಸಮಾಜದ ಮೇಲೆ ಏನೇನು ಪರಿಣಾಮ ಆಗುತ್ತದೋ, ಅದಕ್ಕೆಲ್ಲ ಆ ಉದ್ಯಮವೇ ಹೊಣೆ. ಹೀಗೆ ನೋಡಿದರೆ ಲಾಭ ಬಂದ ಮೇಲೆ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ, ಆ ಲಾಭ ಹೇಗೆ ಬಂತು ಅನ್ನುವ ಪ್ರಶ್ನೆಯೇ ಮುಂದೆ ಬರುತ್ತದೆ.

2010ರಲ್ಲಿ ಬಂದ ಐಎಸ್‌ಒ 26000 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಇದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ, ಇದು ದಾರಿ ತೋರಿಸುವುದಕ್ಕಷ್ಟೇ. ಸಾಮಾಜಿಕ ಹೊಣೆಯನ್ನು ಅದು 7 ವಿಷಯಗಳಾಗಿ ಬಿಡಿಸುತ್ತದೆ: ಸಂಸ್ಥೆಯ ಆಡಳಿತ, ಮಾನವ ಹಕ್ಕು, ದುಡಿಯುವವರ ಸ್ಥಿತಿ, ಪರಿಸರ, ನ್ಯಾಯವಾದ ವ್ಯವಹಾರ, ಗ್ರಾಹಕರ ಹಿತ, ಮತ್ತು ಸಮುದಾಯದ ಬೆಳವಣಿಗೆ. ನಾವು ಸಾಮಾನ್ಯವಾಗಿ ಸಿಎಸ್‌ಆರ್ ಅನ್ನುವುದು ಇದರಲ್ಲಿ ಕೊನೆಯದನ್ನು ಮಾತ್ರ. ಉಳಿದ ಆರೂ ದಿನನಿತ್ಯ ವ್ಯವಹಾರ ನಡೆಸುವ ರೀತಿಗೆ ಸೇರಿದವು.

ಹಾಗಾಗಿ ಊರಿಗೆ ಹೋಗುವ ಮುಂಚೆ ಒಂದು ವಾರ ಕೂತು ನಿಮ್ಮದೇ ಸಂಸ್ಥೆಯನ್ನು ನೋಡಿ. ಕಸ ಗುಡಿಸುವವರಿಗೆ, ಕಾವಲು ಕಾಯುವವರಿಗೆ, ಗುತ್ತಿಗೆಯ ಮೇಲೆ ದುಡಿಯುವವರಿಗೆ ಸಂಬಳ ಸರಿಯಾದ ದಿನಕ್ಕೆ ಸಿಗುತ್ತಿದೆಯಾ? ಅವರು ಕೂರುವುದಕ್ಕೆ ಜಾಗ ಇದೆಯಾ? ಸಣ್ಣ ಪೂರೈಕೆದಾರರ ಬಿಲ್ಲು ಎಷ್ಟು ತಿಂಗಳು ಮೇಜಿನ ಮೇಲೆ ಬಿದ್ದಿರುತ್ತದೆ? ಕೊಳಕು ನೀರು ಎಲ್ಲಿಗೆ ಹೋಗಿ ಸೇರುತ್ತದೆ? ಕಾಲೇಜಿಗೂ ಇದೇ ಪ್ರಶ್ನೆಗಳು. ರಸಾಯನಶಾಸ್ತ್ರದ ಲ್ಯಾಬಿನಿಂದ ಸಿಂಕಿಗೆ ಸುರಿಯುವುದೇನು, ಹಾಸ್ಟೆಲ್ಲಿನಲ್ಲಿ ದಿನಕ್ಕೆ ಎಷ್ಟು ಊಟ ಚೆಲ್ಲುತ್ತದೆ, ಗಾಲಿ ಕುರ್ಚಿಯಲ್ಲಿ ಬರುವ ವಿದ್ಯಾರ್ಥಿ ಗ್ರಂಥಾಲಯದ ಒಳಗೆ ಹೋಗಬಹುದಾ?

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಆದರೂ ಗಾರ್ಮೆಂಟ್ ಕಾರ್ಮಿಕರನ್ನು ಒಳಗೆ ಕಳಿಸಿದರು. ಅಲ್ಲಿ ಹೊಲಿದ ಬಟ್ಟೆ ಹೋಗುತ್ತಿದ್ದದ್ದು ಹೆಸರಾಂತ ಬ್ರ್ಯಾಂಡುಗಳ ಅಂಗಡಿಗೆ. ಆಮೇಲೆ ಬ್ರ್ಯಾಂಡುಗಳೂ ಕಾರ್ಮಿಕ ಸಂಘಗಳೂ ಸೇರಿ ಕಟ್ಟಡ ಸುರಕ್ಷತೆಗೆ ಒಂದು ಒಪ್ಪಂದ ಮಾಡಿಕೊಂಡವು. ಅದು ಕಾನೂನಿನ ಪ್ರಕಾರ ಪಾಲಿಸಲೇಬೇಕಾದ ಒಪ್ಪಂದ. ನಮ್ಮ ಹೊಣೆ ನಮ್ಮ ಕಾಂಪೌಂಡಿಗೆ ಮುಗಿಯುತ್ತದೆ ಅನ್ನುವ ಮಾತನ್ನು ಆಮೇಲೆ ಯಾರೂ ಸುಲಭವಾಗಿ ಹೇಳುವಂತಿಲ್ಲ.

ಇಲ್ಲಿ ಕಾಲೇಜಿನವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಕಾಲೇಜೂ ಒಂದು ದೊಡ್ಡ ಗಿರಾಕಿ. ಸಮವಸ್ತ್ರ, ಕಂಪ್ಯೂಟರು, ಪೀಠೋಪಕರಣ, ಎಲ್ಲವನ್ನೂ ಸಗಟಾಗಿ ಕೊಳ್ಳುತ್ತದೆ. ಅಮೆರಿಕದ ವಿದ್ಯಾರ್ಥಿಗಳು 1990ರ ದಶಕದ ಕೊನೆಗೆ ಒಂದು ಪ್ರಶ್ನೆ ಎತ್ತಿದರು: ನಮ್ಮ ವಿಶ್ವವಿದ್ಯಾಲಯದ ಲಾಂಛನ ಇರುವ ಟೀ ಶರ್ಟನ್ನು ಹೊಲಿದವರಿಗೆ ಸಿಗುವ ಕೂಲಿ ಎಷ್ಟು? ಆ ಪ್ರಶ್ನೆ ಬೆಳೆದು 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಅನ್ನುವ ಸಂಸ್ಥೆ ಹುಟ್ಟಿತು. ವಿಶ್ವವಿದ್ಯಾಲಯಗಳಿಗಾಗಿ ಅದು ಕಾರ್ಖಾನೆಗಳಿಗೇ ಹೋಗಿ, ಕಾರ್ಮಿಕರನ್ನೇ ಕೇಳಿ ವರದಿ ಕೊಡುತ್ತದೆ. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳುವುದೂ ಸಾಮಾಜಿಕ ಹೊಣೆಯೇ ಅಲ್ವಾ?

ಒಂದೇ ವಿಷಯ ಹಿಡಿಯಿರಿ

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳು 17, ಅವುಗಳ ಒಳಗೆ 169 ಉಪಗುರಿಗಳಿವೆ. ಕೆಲವು ವರದಿಗಳಲ್ಲಿ ಒಂದೇ ಕಂಪನಿ ಹದಿನೇಳಕ್ಕೂ ಟಿಕ್ ಹಾಕಿರುತ್ತದೆ. ಹಾಗೆ ಮಾಡಬೇಡಿ. ನಿಮ್ಮ ಕಸುಬಿಗೆ ಹತ್ತಿರವಾದ ಒಂದನ್ನೇ ಹಿಡಿಯಿರಿ.

ಸರಕು ಸಾಗಿಸುವ ಕಂಪನಿಗೆ ಔಷಧಿಯನ್ನು ದೂರದ ಆರೋಗ್ಯ ಕೇಂದ್ರಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಗೊತ್ತು. ಕಾಮರ್ಸ್ ಕಾಲೇಜಿಗೆ ಮಹಿಳಾ ಸಂಘಗಳ ಲೆಕ್ಕ ಬರೆಯುವುದನ್ನು ಕಲಿಸುವುದು ಗೊತ್ತು. ಕಾನೂನು ಕಾಲೇಜು ಉಚಿತ ಕಾನೂನು ನೆರವು ಕೊಡಬಹುದು. ಇವರೆಲ್ಲ ತಮ್ಮ ಕಸುಬು ಬಿಟ್ಟು ಗೋಡೆಗೆ ಬಣ್ಣ ಬಳಿಯುವುದಕ್ಕೆ ಹೋದರೆ ಬಣ್ಣವೂ ಸರಿಯಾಗಿ ಕೂರುವುದಿಲ್ಲ, ಇವರಿಂದ ಮಾತ್ರ ಸಿಗಬಹುದಾಗಿದ್ದ ಸಹಾಯವೂ ಸಿಗುವುದಿಲ್ಲ.

ಕೇಳಿ ಬನ್ನಿ, ಆಮೇಲೆ ಯೋಜನೆ ಬರೆಯಿರಿ

ದಕ್ಷಿಣ ಆಫ್ರಿಕಾ ಮತ್ತು ಅದರ ಸುತ್ತಲಿನ ದೇಶಗಳಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ನೀರಿನ ಪಂಪಿನ ಕತೆ ಕೇಳಿ. ಮಕ್ಕಳು ಆಡುವ ತಿರುಗು ಚಕ್ರಕ್ಕೆ ಪಂಪನ್ನು ಜೋಡಿಸಿದ್ದರು. ಮಕ್ಕಳು ಆಡಿದಷ್ಟೂ ನೀರು ಮೇಲೆ ಬಂದು ತೊಟ್ಟಿ ತುಂಬಬೇಕು. ಕೇಳಿದವರಿಗೆಲ್ಲ ಇಷ್ಟವಾಯಿತು. 2006ರಲ್ಲಿ ಇದಕ್ಕೆ ದೊಡ್ಡ ಮೊತ್ತದ ನೆರವು ಘೋಷಣೆಯಾಯಿತು. 2010ರೊಳಗೆ 4,000 ಪಂಪು ಹಾಕುವ ಗುರಿ ಇತ್ತು. ಆದರೆ ಮಕ್ಕಳು ದಿನವಿಡೀ ಆಡುವುದಿಲ್ಲ. ಆಟ ನಿಂತಾಗ ಆ ಭಾರದ ಚಕ್ರವನ್ನು ಹೆಂಗಸರು ಕೈಯಿಂದ ತಿರುಗಿಸಬೇಕಾಯಿತು. ಕೆಲವು ಕಡೆ ಚೆನ್ನಾಗಿ ನಡೆಯುತ್ತಿದ್ದ ಹಳೆಯ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಕೆಟ್ಟಾಗ ರಿಪೇರಿ ಮಾಡುವುದು ಊರಿನವರಿಂದ ಆಗಲಿಲ್ಲ. ಗುರಿಯ ಹತ್ತಿರಕ್ಕೂ ಹೋಗದೆ ಯೋಜನೆ ನಿಂತಿತು. ಎಷ್ಟೋ ಊರುಗಳಲ್ಲಿ, ನೀರು ಹೊರುವ ಹೆಂಗಸರನ್ನು ಮೊದಲು ಯಾರೂ ಕೇಳಿರಲೇ ಇಲ್ಲ.

ಕೇಳುವುದಕ್ಕೂ ಒಂದು ಕ್ರಮ ಇದೆ. ದೊಡ್ಡ ಸಭೆ ಕರೆಯಬೇಡಿ. ಸಭೆಯಲ್ಲಿ ಮಾತಾಡುವವರು ಯಾವಾಗಲೂ ಮಾತಾಡುವವರೇ. ಇಬ್ಬಿಬ್ಬರಾಗಿ ಹೋಗಿ, ಅವರ ಕೆಲಸದ ಹೊತ್ತು ಬಿಟ್ಟು ಹೋಗಿ. ಹೆಂಗಸರ ಜೊತೆ ಬೇರೆಯಾಗಿ ಮಾತಾಡಿ, ವಯಸ್ಸಾದವರ ಜೊತೆಗೂ ಮಾತಾಡಿ. ಕೈಯಲ್ಲಿ ನಲವತ್ತು ಪ್ರಶ್ನೆಯ ಫಾರ್ಮ್ ಬೇಡ. ನಿಮ್ಮ ದಿನ ಹೇಗೆ ಹೋಗುತ್ತದೆ, ಅದರಲ್ಲಿ ಯಾವುದು ಜಾಸ್ತಿ ಕಷ್ಟ ಅಂತ ಕೇಳಿದರೆ ಸಾಕು, ಮಾತು ತಾನಾಗಿ ಬರುತ್ತದೆ.

ಜೊತೆಗೆ ಈ ಪ್ರಶ್ನೆಯನ್ನು ತಪ್ಪದೆ ಕೇಳಿ: ಹಿಂದೆ ಇಲ್ಲಿಗೆ ಯಾರು ಬಂದಿದ್ದರು, ಏನು ಮಾಡಿದರು, ಅದು ಈಗ ಯಾವ ಸ್ಥಿತಿಯಲ್ಲಿದೆ? ಒಂದು ಶಾಲೆಯಲ್ಲಿ ಹೀಗೆ ಕೇಳಿದಾಗ ಅಲ್ಲಿನ ಮೇಷ್ಟ್ರು ಏನೂ ಹೇಳದೆ ಒಂದು ಕೋಣೆಯ ಬೀಗ ತೆಗೆದು ತೋರಿಸಿದರು. ಒಳಗೆ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಕಂಪ್ಯೂಟರುಗಳಿದ್ದವು. ಕೊಟ್ಟವರು ವೈರಿಂಗ್ ಮಾಡಿಸಿರಲಿಲ್ಲ. ಶಾಲೆಗೆ ಅದಕ್ಕೆ ಬೇಕಾದ ಹಣ ಇರಲಿಲ್ಲ. ಅಂದು ನಾವು ಹೊಸ ಯೋಜನೆಯ ಮಾತೇ ಎತ್ತಲಿಲ್ಲ. ಆ ಕೋಣೆಗೆ ಕರೆಂಟ್ ಬರುವಂತೆ ಮಾಡಿದ್ದೇ ನಮ್ಮ ಮೊದಲ ಕೆಲಸವಾಯಿತು.

ಮೂರು ಕ್ಯಾಲೆಂಡರು ಹೊಂದಿಸಿ

ಇದು ಯಾರೂ ಮೊದಲೇ ಹೇಳಿಕೊಡದ ವಿಷಯ. ನನ್ನ ಪ್ರಕಾರ ಜಾಸ್ತಿ ಒಪ್ಪಂದಗಳು ಮುರಿಯುವುದು ಇದರಿಂದಲೇ.

ಕಂಪನಿ ನಡೆಯುವುದು ಹಣಕಾಸು ವರ್ಷದ ಮೇಲೆ. ವರ್ಷದ ಕೊನೆಯ ತಿಂಗಳು ಬಂತು ಅಂದರೆ ಬಾಕಿ ಹಣ ಖರ್ಚಾಗಬೇಕು, ರಸೀದಿ ಬೇಕು. ಕಾಲೇಜು ನಡೆಯುವುದು ಸೆಮಿಸ್ಟರ್ ಮೇಲೆ. ಪರೀಕ್ಷೆ ಬಂದರೆ ಹುಡುಗರು ಸಿಗುವುದಿಲ್ಲ, ರಜೆಯಲ್ಲಿ ಊರಿಗೆ ಹೋಗುತ್ತಾರೆ, ಕೊನೆಯ ವರ್ಷದವರು ಕಾಲೇಜು ಬಿಟ್ಟೇ ಹೋಗುತ್ತಾರೆ. ಸಮುದಾಯಕ್ಕೆ ಅದರದ್ದೇ ಕಾಲ ಇದೆ. ಬಿತ್ತನೆಯ ದಿನಗಳಲ್ಲಿ ತರಬೇತಿ ಇಟ್ಟರೆ ಯಾರು ಬರುತ್ತಾರೆ? ಶಾಲೆಯ ಪರೀಕ್ಷೆಯ ವಾರದಲ್ಲಿ ವಿಜ್ಞಾನ ಮೇಳ ಇಟ್ಟರೆ ಮೇಷ್ಟ್ರು ಏನು ಮಾಡಬೇಕು?

ಒಂದು ದೊಡ್ಡ ಹಾಳೆ ತೆಗೆದುಕೊಂಡು ಮೂರನ್ನೂ ಒಂದರ ಕೆಳಗೆ ಒಂದು ಬರೆಯಿರಿ. ಮೂರೂ ಕಡೆಯವರು ಬಿಡುವಾಗಿರುವ ವಾರಗಳು ವರ್ಷದಲ್ಲಿ ಬಹಳ ಕಡಿಮೆ ಅಂತ ಆಗಲೇ ಗೊತ್ತಾಗುತ್ತದೆ. ಮುಖ್ಯ ಕೆಲಸಗಳನ್ನು ಆ ವಾರಗಳಲ್ಲಿ ಇಡಿ. ಖಾಲಿ ಉಳಿದ ತಿಂಗಳುಗಳಲ್ಲಿ ಕೆಲಸ ನೋಡಿಕೊಳ್ಳುವುದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಡಿ, ಆದಷ್ಟೂ ಅದೇ ಊರಿನವರನ್ನು. ಈ ಒಂದು ಸಂಬಳ ಉಳಿಸುವುದಕ್ಕೆ ಹೋಗಿ ಇಡೀ ಯೋಜನೆ ಕಳೆದುಕೊಂಡವರಿದ್ದಾರೆ.

ಸೆಮಿಸ್ಟರ್ ಸಮಸ್ಯೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1995ರಲ್ಲೇ ಒಂದು ದಾರಿ ಹುಡುಕಿತು. ಅಲ್ಲಿನ ಎಪಿಕ್ಸ್ ಅನ್ನುವ ಕಾರ್ಯಕ್ರಮದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಮಾಜ ಸೇವಾ ಸಂಸ್ಥೆಗಳಿಗೆ ಬೇಕಾದ ಸಾಧನಗಳನ್ನು ಮಾಡಿಕೊಡುತ್ತಾರೆ. ಒಂದೇ ತಂಡದಲ್ಲಿ ಮೊದಲ ವರ್ಷದವರೂ ಇರುತ್ತಾರೆ, ಕೊನೆಯ ವರ್ಷದವರೂ ಇರುತ್ತಾರೆ. ಒಬ್ಬ ವಿದ್ಯಾರ್ಥಿ ಹಲವು ಸೆಮಿಸ್ಟರ್ ಅದೇ ತಂಡದಲ್ಲಿ ಉಳಿಯಬಹುದು. ಹಳಬರು ಹೋಗುವಾಗ ಕಿರಿಯರಿಗೆ ಕೆಲಸ ಆಗಲೇ ಗೊತ್ತಿರುತ್ತದೆ. ವಿದ್ಯಾರ್ಥಿಗಳು ಬದಲಾಗುತ್ತಾರೆ, ತಂಡ ಹಾಗೇ ಉಳಿಯುತ್ತದೆ. ಯಾವ ಕಾಲೇಜು ಬೇಕಾದರೂ ಈ ಪದ್ಧತಿ ತರಬಹುದು, ಇದಕ್ಕೆ ದುಡ್ಡು ಬೇಕಾಗಿಲ್ಲ.

ಇದಾದ ಮೇಲೆ ಒಡಂಬಡಿಕೆ ಬರೆಯಿರಿ. ಎರಡು ಪುಟ ಸಾಕು. ಯಾರು ಯಾವ ಕೆಲಸ ಮಾಡುತ್ತಾರೆ, ಹಣ ಯಾವ ತಿಂಗಳು ಬರುತ್ತದೆ, ಮಾಡಿದ ವಸ್ತು ಯಾರದ್ದು, ಫೋಟೊ ಬಳಸುವ ಮುಂಚೆ ಯಾರ ಒಪ್ಪಿಗೆ ಬೇಕು, ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ, ಒಬ್ಬರು ಹಿಂದೆ ಸರಿದರೆ ಎಷ್ಟು ತಿಂಗಳು ಮೊದಲೇ ಹೇಳಬೇಕು. ಕನಿಷ್ಠ ಮೂರು ವರ್ಷಕ್ಕೆ ಬರೆಯಿರಿ. ಸಮುದಾಯದವರೂ ಸಹಿ ಹಾಕಲಿ, ಅವರ ಭಾಷೆಯಲ್ಲೇ ಒಂದು ಪ್ರತಿ ಅವರ ಕೈಗೆ ಕೊಡಿ.

ಕಾಲೇಜಿನಲ್ಲಿ: ಪಾಠದ ಒಳಗೆ ತನ್ನಿ

ಶನಿವಾರದ ಸ್ವಯಂಸೇವೆ ಒಳ್ಳೆಯದೇ, ಆದರೆ ಅದು ಪಾಠದಿಂದ ಹೊರಗೆ ಉಳಿಯುತ್ತದೆ. ಕೆಲಸಕ್ಕೆ ಕ್ರೆಡಿಟ್ ಕೊಟ್ಟು ಒಂದು ಪೇಪರಿನ ಭಾಗ ಮಾಡಿದರೆ ವಿದ್ಯಾರ್ಥಿ ಅದನ್ನು ಬೇರೆಯೇ ಗಂಭೀರತೆಯಿಂದ ಮಾಡುತ್ತಾನೆ. ಅಂಕಿಸಂಖ್ಯಾಶಾಸ್ತ್ರದ ತರಗತಿ ಆರೋಗ್ಯ ಕೇಂದ್ರದ ನಿಜವಾದ ಲೆಕ್ಕ ಹಿಡಿದು ಕೂತರೆ ಸಾಕು. ತಪ್ಪು ಮಾಡಿದರೆ ಯಾರಿಗೋ ತೊಂದರೆ ಆಗುತ್ತದೆ ಅಂತ ಗೊತ್ತಾದಾಗ ಕಲಿಕೆ ಬೇರೆಯೇ ಆಗುತ್ತದೆ.

ಅಂಕ ಕೊಡುವಾಗ ಎಷ್ಟು ಗಂಟೆ ಹೋಗಿ ಬಂದ ಅಂತ ಎಣಿಸಬೇಡಿ. ಏನು ಅಂದುಕೊಂಡು ಹೋಗಿದ್ದೆ, ಅಲ್ಲಿ ಏನು ಕಂಡೆ, ಯಾವುದು ಸುಳ್ಳಾಯಿತು ಅಂತ ಬರೆಸಿ. ಊರಿನವರಿಂದಲೂ ಎರಡು ಮಾತು ಪಡೆಯಿರಿ.

ಮೇಷ್ಟ್ರುಗಳ ಬಗ್ಗೆ ಪ್ರಾಂಶುಪಾಲರಿಗೆ ಒಂದು ಮನವಿ. ಈ ಕೆಲಸವನ್ನು ಒಬ್ಬ ಉತ್ಸಾಹಿ ಅಧ್ಯಾಪಕಿಯ ತಲೆಗೆ ಕಟ್ಟಿ, ಜೊತೆಗೆ ಪೂರ್ತಿ ಪಾಠದ ಹೊರೆಯನ್ನೂ ಹಾಗೇ ಬಿಡಬೇಡಿ. ವಾರಕ್ಕೆ ಕೆಲವು ಪೀರಿಯಡ್ ಕಡಿಮೆ ಮಾಡಿ, ಈ ಕೆಲಸವನ್ನು ಬಡ್ತಿಯ ಲೆಕ್ಕಕ್ಕೂ ತೆಗೆದುಕೊಳ್ಳಿ. ಇಲ್ಲದಿದ್ದರೆ ಆಕೆ ಎರಡು ವರ್ಷದಲ್ಲಿ ದಣಿದು ಬಿಡುತ್ತಾರೆ, ಅವರ ಜೊತೆ ಕಾರ್ಯಕ್ರಮವೂ ಮುಗಿಯುತ್ತದೆ.

ಮ್ಯಾನೇಜ್‌ಮೆಂಟ್ ಕಾಲೇಜುಗಳಿಗಂತೂ 2007ರಿಂದಲೇ ವಿಶ್ವಸಂಸ್ಥೆಯ ಬೆಂಬಲದ ಪ್ರೈಮ್ ಅನ್ನುವ ಒಕ್ಕೂಟ ಇದೆ. ಹೊಣೆಯಿಂದ ವ್ಯವಹಾರ ಮಾಡುವುದನ್ನು ಪಾಠದಲ್ಲಿ ತರುವುದು ಹೇಗೆ ಅಂತ ಅಲ್ಲಿ ಬೇರೆ ಕಾಲೇಜುಗಳ ಅನುಭವ ಸಿಗುತ್ತದೆ.

ಕಂಪನಿಯಲ್ಲಿ: ಸಮಯ ಕೊಡಿ, ಒತ್ತಾಯ ಬೇಡ

ಅಮೆರಿಕದ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ 1999ರಲ್ಲಿ ಶುರುವಾದಾಗಲೇ ಒಂದು ಸೂತ್ರ ಇಟ್ಟುಕೊಂಡಿತು: ಷೇರಿನಲ್ಲಿ ಶೇ 1, ಉತ್ಪನ್ನದಲ್ಲಿ ಶೇ 1, ಉದ್ಯೋಗಿಗಳ ಸಮಯದಲ್ಲಿ ಶೇ 1 ಸಮಾಜಕ್ಕೆ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಮೂರನೆಯದು. ಕಂಪನಿ ಇನ್ನೂ ಚಿಕ್ಕದಿರುವಾಗಲೇ ಇದನ್ನು ಶುರು ಮಾಡಿದ್ದೂ ಅಷ್ಟೇ ಮುಖ್ಯ.

ಉದ್ಯೋಗಿಗೆ ಈ ಕೆಲಸಕ್ಕೆ ಸಂಬಳ ಸಹಿತ ಸಮಯ ಕೊಡಿ. ಭಾನುವಾರ ಬಾ ಅನ್ನಬೇಡಿ, ಭಾನುವಾರ ಅವರ ಮನೆಯದ್ದು. ಯಾರು ಬಂದರು, ಯಾರು ಬರಲಿಲ್ಲ ಅಂತ ಎಚ್‌ಆರ್ ಪಟ್ಟಿ ಹಿಡಿದು ನಿಲ್ಲುವುದೂ ಬೇಡ. ನಿಜವಾದ ಅಡ್ಡಿ ಸಾಮಾನ್ಯವಾಗಿ ನಡುವಿನ ಮ್ಯಾನೇಜರ್. ಮೇಲಿನವರು ಹೋಗಿ ಬಾ ಅಂತಾರೆ, ಆದರೆ ಗಡುವು ಹಾಗೇ ಇರುತ್ತದೆ. ಹೀಗಾಗಿ ತಂಡದ ಗುರಿಯಲ್ಲೇ ಆ ಗಂಟೆಗಳನ್ನು ಕಳೆದು ಲೆಕ್ಕ ಹಾಕಿ.

ನಿಮ್ಮ ಅಕೌಂಟೆಂಟ್ ಒಬ್ಬರು ತಿಂಗಳಿಗೆ ನಾಲ್ಕು ಗಂಟೆ ಒಂದು ಸಣ್ಣ ಸೇವಾ ಸಂಸ್ಥೆಯ ಲೆಕ್ಕಪತ್ರ ಸರಿ ಮಾಡಿಕೊಟ್ಟರೆ ಅದಕ್ಕಿರುವ ಬೆಲೆಯೇ ಬೇರೆ. ವಿದ್ಯಾರ್ಥಿ ತಂಡಕ್ಕೆ ಒಬ್ಬ ಎಂಜಿನಿಯರ್ ಹದಿನೈದು ದಿನಕ್ಕೊಮ್ಮೆ ಸಿಕ್ಕಿದರೂ ಆ ತಂಡ ಅರ್ಧ ದಾರಿಯಲ್ಲಿ ಕೈಬಿಡುವುದಿಲ್ಲ. ಇಲ್ಲಿ ಕಂಪನಿಗೂ ಲಾಭ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಮುಂದೆ ಕೆಲಸಕ್ಕೆ ಸೇರಬಹುದಾದ ಹುಡುಗರನ್ನು ಒಂದು ಗಂಟೆಯ ಸಂದರ್ಶನದಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಕಾಣಬಹುದು.

ದುಡ್ಡಿನ ಮಾತು

ಸಾಧನ ಕೊಳ್ಳುವುದಕ್ಕೆ ಹಣ ಸುಲಭವಾಗಿ ಸಿಗುತ್ತದೆ. ಅದನ್ನು ನಡೆಸುವುದಕ್ಕೆ ಸಿಗುವುದಿಲ್ಲ. ಆದ್ದರಿಂದ ಬಜೆಟ್ ಬರೆಯುವಾಗಲೇ ರಿಪೇರಿ, ಓಡಾಟ, ತರಬೇತಿ, ನೋಡಿಕೊಳ್ಳುವವರ ಸಂಬಳ ಎಲ್ಲವನ್ನೂ ಸೇರಿಸಿ. ನೀರು ಶುದ್ಧ ಮಾಡುವ ಯಂತ್ರ ಕೊಡುವುದಾದರೆ ಅದರ ಫಿಲ್ಟರ್ ಬದಲಿಸುವ ಖರ್ಚು ಮೂರು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ.

ಕಾನೂನೂ ತಿಳಿದಿರಲಿ. ಇದು ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ತನ್ನ ಉದ್ಯೋಗಿಗಳಿಗೆ ಮಾತ್ರ ಲಾಭವಾಗುವ ಕೆಲಸ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಜಾಹೀರಾತಿನ ಲಾಭಕ್ಕೆ ಮಾಡುವ ಪ್ರಾಯೋಜಕತ್ವ ಇವು ಲೆಕ್ಕಕ್ಕೆ ಬರುವುದಿಲ್ಲ. ಮೂರು ವರ್ಷದ ಒಡಂಬಡಿಕೆ ಕೇಳಿದರೆ ಎಷ್ಟೋ ಕಂಪನಿಗಳು ಹಣ ಇದೇ ವರ್ಷ ಮುಗಿಯಬೇಕು ಅನ್ನುತ್ತವೆ. ಆದರೆ ಇದೇ ನಿಯಮಗಳಲ್ಲಿ ಮುಂದುವರಿಯುವ ಯೋಜನೆಗೆ ಅವಕಾಶ ಇದೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅದನ್ನು ನಡೆಸಬಹುದು. ಖರ್ಚಾಗದೆ ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಡಬೇಕು, ಅಷ್ಟೇ. ಕಾಲೇಜಿನವರು ಮಾತುಕತೆಗೆ ಕೂರುವ ಮುಂಚೆ ಈ ವಿಷಯ ತಿಳಿದುಕೊಂಡು ಹೋಗಿ.

ಎಣಿಸುವಾಗ

1,000 ಮಕ್ಕಳಿಗೆ ಪುಸ್ತಕ ಕೊಟ್ಟೆವು ಅನ್ನುವುದು ಕೊಟ್ಟ ಲೆಕ್ಕ. ಆ ಮಕ್ಕಳಲ್ಲಿ ಎಷ್ಟು ಜನ ಈಗ ಒಂದು ಪುಟ ತಡವರಿಸದೆ ಓದುತ್ತಾರೆ ಅನ್ನುವುದು ಆದ ಬದಲಾವಣೆಯ ಲೆಕ್ಕ. ಎರಡನೆಯದು ಸಿಗಬೇಕಾದರೆ ಶುರು ಮಾಡುವ ಮುಂಚೆಯೇ ಅಳೆದಿರಬೇಕು. ಈ ಅಳತೆಯ ಕೆಲಸ ಕಾಲೇಜಿಗೆ ಹೇಳಿ ಮಾಡಿಸಿದ್ದು. ಸಮಾಜಶಾಸ್ತ್ರ, ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಶುರುವಿನಲ್ಲಿ ಒಮ್ಮೆ, ವರ್ಷಕ್ಕೊಮ್ಮೆ, ಮುಗಿದು ಒಂದು ವರ್ಷವಾದ ಮೇಲೆ ಮತ್ತೊಮ್ಮೆ ಹೋಗಿ ನೋಡಬೇಕು. ಆದರೆ ಹಣ ಕೊಟ್ಟ ಕಂಪನಿ ವರದಿಯನ್ನು ತಿದ್ದಬಾರದು. ಇದನ್ನೂ ಒಡಂಬಡಿಕೆಯಲ್ಲೇ ಬರೆದುಕೊಳ್ಳಿ.

ಮೂರು ನಾಲ್ಕು ಅಳತೆ ಸಾಕು. ಜಾಸ್ತಿ ಇಟ್ಟರೆ ಊರಿನವರು ಉತ್ತರ ಕೊಟ್ಟು ಕೊಟ್ಟು ಬೇಸತ್ತು ಹೋಗುತ್ತಾರೆ. ಬಂದ ಫಲಿತಾಂಶವನ್ನು ಮೊದಲು ಅವರಿಗೇ ಓದಿ ಹೇಳಿ, ಆಮೇಲೆ ವಾರ್ಷಿಕ ವರದಿಗೆ ಹಾಕಿ. ಆಗದೆ ಹೋದದ್ದನ್ನೂ ಹಾಕಿ. ಹಾಗೆ ಬರೆದ ಒಂದು ಪುಟ ಇನ್ನೊಂದು ಕಾಲೇಜಿನ ಒಂದು ವರ್ಷ ಉಳಿಸುತ್ತದೆ.

ಬಿಟ್ಟು ಬರುವ ದಿನ

ಮೊದಲ ದಿನವೇ ಕೊನೆಯ ದಿನವನ್ನು ಗೊತ್ತು ಮಾಡಿಕೊಳ್ಳಿ. ನಾವು ಇಂಥ ತಿಂಗಳು ಹೊರಡುತ್ತೇವೆ ಅಂತ ಊರಿನವರಿಗೂ ಹೇಳಿ. ಅದಕ್ಕೆ ಒಂದು ವರ್ಷ ಮೊದಲಿಂದ ಕೆಲಸಗಳನ್ನು ಒಂದೊಂದಾಗಿ ಅವರ ಕೈಗೆ ಬಿಡುತ್ತಾ ಬನ್ನಿ. ಮೊದಲು ರಿಪೇರಿ, ಆಮೇಲೆ ಲೆಕ್ಕ, ಆಮೇಲೆ ತೀರ್ಮಾನ. ಎಡವಿದರೆ ಕೈಹಿಡಿಯುವಷ್ಟು ಹತ್ತಿರದಲ್ಲಿರಿ, ಆದರೆ ಅವರು ಮಾಡಬೇಕಾದ್ದನ್ನು ನೀವು ಮಾಡಿಕೊಡಬೇಡಿ. ಎಲ್ಲ ಕಾಗದಪತ್ರ, ಬಿಡಿಭಾಗ ಸಿಗುವ ಅಂಗಡಿಯ ವಿಳಾಸ, ಯಂತ್ರದ ಕೈಪಿಡಿ, ಬೀಗದ ಕೈ ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆ ಯಾರ ಮನೆಯಲ್ಲಿರಬೇಕು ಅನ್ನುವುದನ್ನು ಅವರೇ ತೀರ್ಮಾನ ಮಾಡಲಿ. ಆರು ತಿಂಗಳಾದ ಮೇಲೆ ಬ್ಯಾನರು, ಕ್ಯಾಮೆರಾ ಏನೂ ಇಲ್ಲದೆ ಇಬ್ಬರು ವಿದ್ಯಾರ್ಥಿಗಳೂ ಒಬ್ಬ ಉದ್ಯೋಗಿಯೂ ಹೋಗಿ ಒಂದು ದಿನ ಇದ್ದು ನೋಡಿ ಬನ್ನಿ.